ಪಕ್ಕದ ಕುರ್ಚಿ

ಆ ಮನೆಯಲ್ಲಿ ಯಾರು ಯಾರನ್ನು ಏನೆಂದು ಕರೆಯಬೇಕು ಎಂಬುದು ಮೊದಲಿನಿಂದಲೂ ಅಡ್ಡಾದಿಡ್ಡಿ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯೇ ಇಸ್ತ್ರಿ ಅಂಗಡಿ. ಅಲ್ಲಿ ಮೇಜಿನ ಹಿಂದೆ ನಿಂತವಳನ್ನು ಬಟ್ಟೆ ತಂದವರೆಲ್ಲ ಅಕ್ಕ ಎನ್ನುತ್ತಿದ್ದರು. ಅವಳ ಮಗಳು ಮಾತು ಕಲಿತದ್ದು ಅದೇ ಮೇಜಿನ ಕೆಳಗೆ, ಮುದುರಿದ ಬಟ್ಟೆಯ ಗಂಟುಗಳ ನಡುವೆ ಕೂತು. "ಅಕ್ಕ, ಶರ್ಟು ಆಯ್ತಾ?" "ಅಕ್ಕ, ಕಾಲರ್ ಚೆನ್ನಾಗಿ ಒತ್ತು." ಕೇಳಿದ್ದನ್ನೇ ಮಗು ಅಂದಿತು, ಅಕ್ಕ. ಅಮ್ಮ ಎಂಬ ಹೆಸರು ಅಷ್ಟರಲ್ಲಾಗಲೇ ಅಜ್ಜಿಯ ಪಾಲಾಗಿತ್ತು, ಅಪ್ಪ ಆಕೆಯನ್ನು ಹಾಗೆ ಕರೆಯುತ್ತಿದ್ದನಲ್ಲ. ಮುಂದೆ ಮೈದುನನಿಗೆ ಮದುವೆಯಾಗಿ ಕಿರಿಯ ಸೊಸೆ ಬಂದಳು. ಆಗ ಮಗುವಿಗೆ ಹೇಳಿಕೊಟ್ಟದ್ದನ್ನು ಹಿಡಿಯುವ ವಯಸ್ಸು. "ಚಿಕ್ಕಮ್ಮ ಅನ್ನು" ಎಂದರು, ಚಿಕ್ಕಮ್ಮ ಎಂದಿತು. ಹೀಗಾಗಿ ಇಡೀ ಮನೆಯ ಹೆಂಗಸರಲ್ಲಿ ಸರಿಯಾದ ಹೆಸರು ಸಿಕ್ಕಿದ್ದು ಕೊನೆಗೆ ಬಂದವಳೊಬ್ಬಳಿಗೆ.

ನೆಂಟರು ಬಂದಾಗ ಇದು ನಗುವ ಮಾತು. ಅಕ್ಕನೂ ನಗುತ್ತಿದ್ದಳು. "ಹೆತ್ತಿದ್ದು ನಾನು, ಅಮ್ಮ ಆಗಿದ್ದು ಅತ್ತೆ, ಅರ್ಧ ಅಮ್ಮ ಆಗಿದ್ದು ಓರಗಿತ್ತಿ" ಎಂದು ಬೇರೆಯವರು ಹೇಳುವ ಮೊದಲು ತಾನೇ ಹೇಳಿ ಮುಗಿಸುತ್ತಿದ್ದಳು. ಮಗಳು ಹತ್ತನೇ ಕ್ಲಾಸು ಮುಗಿಸಿದ ವರ್ಷ ಮಾತ್ರ ಆ ನಗು ಗಂಟಲಲ್ಲಿ ಮುಳ್ಳಾಗಿ ನಿಂತಿತು.

ಹುಡುಗಿಯನ್ನು ಮನೆಯವರು ಕರೆಯುವುದು ಗಿಳಿ ಎಂದು. ಅವಳು ಓದಿದ ಬೀದಿಯ ಶಾಲೆ ಹತ್ತಕ್ಕೆ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಎರಡು ಬಸ್ಸು ಬದಲಿಸಿ ಊರಾಚೆಯ ಕಾಲೇಜಿಗೆ ಹೋಗಬೇಕು. ಅರ್ಧಕ್ಕರ್ಧ ಮಕ್ಕಳು ಅಲ್ಲಿಗೇ ಪುಸ್ತಕ ಕಟ್ಟಿಡುತ್ತಿದ್ದರು. ಶಾಲೆಯ ಬೆನ್ನಿಗೆ ವಾರ್ಡ್ ಆಫೀಸಿನ ಹಳೇ ಗೋದಾಮೊಂದು ಬೀಗ ಹಾಕಿಕೊಂಡು ನಿಂತಿತ್ತು. ಅದನ್ನು ಮಾರುಕಟ್ಟೆಯವರಿಗೆ ತರಕಾರಿ ತುಂಬಲು ಕೊಡಬೇಕೋ, ಹನ್ನೊಂದು ಹನ್ನೆರಡನೇ ತರಗತಿ ನಡೆಸಲು ಕೊಡಬೇಕೋ ಎಂಬ ಮಾತೆದ್ದಿತು. ಕೌನ್ಸಿಲರ್ ಕೈಗೆ ಸಿಗುವ ಆಸಾಮಿಯಲ್ಲ. "ಮಕ್ಕಳು ಓದ್ತೀವಿ ಅನ್ನಲಿ, ಮನೆಯವರು ಕಳಿಸ್ತೀವಿ ಅನ್ನಲಿ. ಹಾಲ್ ತುಂಬಿರೋದು ನನ್ನ ಕಣ್ಣಿಗೆ ಕಾಣಲಿ, ಆಮೇಲೆ ನೋಡೋಣ" ಎಂದು ಜಾರಿಕೊಂಡ.

ಬೇರೆ ಊರಿನಲ್ಲಿ ನಿವೃತ್ತರಾಗಿ ಆಚೆ ಬೀದಿಗೆ ಹೊಸದಾಗಿ ಬಂದ ಹೆಡ್‌ಮಿಸ್ಸು ಆ ಮಾತನ್ನೇ ಪಟ್ಟಾಗಿ ಹಿಡಿದರು. ಭಾನುವಾರ ಸಂಜೆಗಳಲ್ಲಿ ಶಾಲೆಯ ಹಾಲ್‌ನಲ್ಲಿ ಮಾತುಕತೆ ಶುರು ಮಾಡಿದರು. ಒಂದೊಂದು ಮನೆಯಿಂದ ಒಬ್ಬ ಹುಡುಗನೋ ಹುಡುಗಿಯೋ ಮಾತಾಡಬೇಕು, ಪಕ್ಕದ ಕುರ್ಚಿಯಲ್ಲಿ ಆ ಮನೆಯ ದೊಡ್ಡವರೊಬ್ಬರು ಕೂರಬೇಕು. ನಿಯಮ ಒಂದೇ. ಚಿಕ್ಕವರು ಹೇಳಿದ್ದನ್ನು ದೊಡ್ಡವರು ಮೊದಲು ಇದ್ದ ಹಾಗೆ ತಿರುಗಿ ಹೇಳಬೇಕು. ಉತ್ತರ ಆಮೇಲೆ. ಬೈಯುವುದಿದ್ದರೂ ಆಮೇಲೆಯೇ.

ಮೊದಲ ಭಾನುವಾರ ಮಕ್ಕಳನ್ನಷ್ಟೇ ಕರೆದಿದ್ದರು. ಗಿಳಿ ಹೋಗಿ ಬರುವಾಗ ಮನೆಯವರು ಊಟಕ್ಕೆ ಕೂತಿದ್ದರು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ.

"ಏನಂತೆ?" ಎಂದಳು ಅಕ್ಕ, ಮೊಟ್ಟೆಯ ಸಿಪ್ಪೆ ಬಿಡಿಸುತ್ತ.

"ಮುಂದಿನ ವಾರದಿಂದ ಪಕ್ಕದಲ್ಲಿ ಕೂರೋಕೆ ಮನೆಯಿಂದ ಒಬ್ರು ಬರ್ಬೇಕು." ಗಿಳಿ ತಟ್ಟೆ ಎಳೆದುಕೊಂಡಳು. "ಚಿಕ್ಕಮ್ಮ ಬರ್ತಾಳೆ ಅಂತ ಹೆಸರು ಕೊಟ್ಟಿದೀನಿ."

ಅಕ್ಕನ ಕೈಯಲ್ಲಿ ಮೊಟ್ಟೆ ಎರಡು ಹೋಳಾಯಿತು. "ಯಾಕೆ, ಹೆತ್ತವಳು ಸತ್ತೋದ್ಲಾ?"

"ಹಾಗಲ್ಲ ಅಕ್ಕ, ಅಲ್ಲಿ ಏನಾಯ್ತು ಅಂದ್ರೆ..."

"ಏನೂ ಆಗಿಲ್ಲ. ಇಸ್ತ್ರಿ ಹಾಕೋಳು ಪಕ್ಕದಲ್ಲಿ ಕೂತ್ರೆ ನಿನ್ನ ಮರ್ಯಾದೆ ಹೋಗತ್ತೆ. ಕನ್ನಡಕದ ಅಂಗಡಿಯೋಳು ಕೂತ್ರೆ ಬರತ್ತೆ. ಅಷ್ಟೇ ತಾನೇ?"

"ನಾನು ಹೇಳೋದು ಸ್ವಲ್ಪ ಕೇಳು."

"ಕೇಳಿ ಕೇಳಿ ಕಿವಿ ತೂತಾಗಿದೆ. ತಿನ್ನು."

ಗಿಳಿ ಬಾಯಿ ಮುಚ್ಚಿಕೊಂಡಳು. ಒಮ್ಮೆ ಮುಚ್ಚಿದರೆ ಬೇಗ ತೆರೆಯುವವಳಲ್ಲ. ಬಣ್ಣ, ಮೂಗು, ಕೂದಲು ಎಲ್ಲ ಅಪ್ಪನದಾದರೂ ಹಟದಲ್ಲಿ ಅವಳು ಅಕ್ಕನ ಮಗಳೇ.

ಅಕ್ಕನ ಗಂಡ ಸಿಟಿ ಬಸ್ಸಿನ ಕಂಡಕ್ಟರ್. ಮನೆಯಲ್ಲಿ ಮಾತಿಗೆ ಮಾತು ಹತ್ತಿಕೊಂಡಾಗ ಅವನಿಗೆ ಬರುತ್ತಿದ್ದುದು ಬಸ್ಸಿನ ಭಾಷೆ ಒಂದೇ. "ಒಬ್ಬರಿಗೆ ಒಂದು ಸೀಟು, ತಳ್ಳಾಡ್ಬೇಡಿ" ಎಂದ.

"ನೀವು ಸುಮ್ನಿರಿ. ನಿಮ್ಮ ಸ್ಟಾಪ್ ಬಂದಾಗ ಹೇಳ್ತೀನಿ, ಇಳಿಯೋರಂತೆ."

ಓರಗಿತ್ತಿ ಬೇಳೆಯ ಪಾತ್ರೆಯನ್ನು ಮೆಲ್ಲಗೆ ಅಕ್ಕನ ಕಡೆ ಸರಿಸಿದಳು. "ಅಕ್ಕ, ನೀವೇ ಹೋಗಿ. ನನಗೇನೂ ಅಂಥ ಆಸೆ ಇಲ್ಲ."

"ನಿನಗೆ ಬೇಡದ್ದನ್ನ ನನಗೆ ದಾನ ಕೊಡ್ಬೇಡ. ನಾನಿನ್ನೂ ಆ ಮಟ್ಟಕ್ಕೆ ಇಳಿದಿಲ್ಲ."

"ಮೊಟ್ಟೆ ತಣ್ಣಗಾಯ್ತು" ಎಂದು ಅತ್ತೆ ತನ್ನ ಪಾಲಿನದನ್ನು ಬಾಯಿಗೆ ಹಾಕಿಕೊಂಡರು.

ಓರಗಿತ್ತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, "ಈ ಗಾಜಲ್ಲಿ ಹೇಗಿದೆ? ಈಗ? ನಿಧಾನವಾಗಿ ಹೇಳಿ" ಎಂದು ದಿನವಿಡೀ ಕೇಳುತ್ತಿರಬೇಕು. ಕೇಳಿಸಿಕೊಳ್ಳುವುದು ಅವಳಿಗೆ ಮೈಗೂಡಿಬಿಟ್ಟಿತ್ತು. ಅಕ್ಕನದು ಒತ್ತುವ ಕೆಲಸ. ಎಲ್ಲಿ ಸುಕ್ಕು ತಲೆಯೆತ್ತಿತೋ ಅಲ್ಲಿ ನೀರು ಚಿಮುಕಿಸಿ ಇನ್ನೊಮ್ಮೆ ಒತ್ತಿದರೆ ಆಯಿತು. ಓರಗಿತ್ತಿಗೆ ಮಕ್ಕಳಾಗಿರಲಿಲ್ಲ. ಮೈದುನ ಕಟ್ಟಡಗಳಿಗೆ ವೈರಿಂಗ್ ಮಾಡುತ್ತ ತಿಂಗಳಲ್ಲಿ ಮುಕ್ಕಾಲು ಪಾಲು ಹೊರಗೆ. ಸಂಜೆ ಮನೆಗೆ ಬಂದರೆ ಅವಳಿಗೆ ಗಿಳಿ, ಗಿಳಿಗೆ ಅವಳು. ಇಷ್ಟು ವರ್ಷ ಅಕ್ಕನಿಗೆ ಅದರಿಂದ ಅನುಕೂಲವೇ ಆಗಿತ್ತು. ಈಗ ಅದೇ ಅನುಕೂಲ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ, ಏನು ಮಾಡಿದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಸಂಜೆ ಅಡಿಗೆಮನೆಯಲ್ಲಿ ಇಬ್ಬರೂ ಪಾತ್ರೆ ತೊಳೆಯುತ್ತ ಭಾನುವಾರದ ಮಾತಿಗೆ ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ಉಜ್ಜುವುದು, ಒಬ್ಬಳು ಒರೆಸುವುದು.

"ನಮ್ಮನೇಲಿ ಕೂತು ಓದೋಕೆ ಒಂದು ಮೂಲೆ ಇಲ್ಲ" ಎಂದು ಗಿಳಿಯ ದನಿ.

"ನಮ್ಮನೇಲಿ ಕೂತು ಓದೋಕೆ ಒಂದು ಮೂಲೆ ಇಲ್ಲ ಅಂತೀಯ. ಸರಿ ಹೇಳಿದ್ನಾ?"

"ಸರಿ ಹೇಳಿದೆ. ನೀನು ಉಪ್ಪು ಖಾರ ಹಚ್ಚಲ್ಲ ಚಿಕ್ಕಮ್ಮ, ಅದೇ ನಂಗಿಷ್ಟ."

ಇಬ್ಬರೂ ನಕ್ಕರು. ಗೋಡೆಯ ಈಚೆ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಒಂದು ಪ್ಯಾಂಟಿನ ಮೇಲೆ ಕುಕ್ಕಿದಳು. ಮೂಲೆ ಇಲ್ಲವಂತೆ. ಇರುವ ಮೂಲೆಯಲ್ಲೆಲ್ಲ ಊರವರ ಬಟ್ಟೆ ಇರುವುದರಿಂದಲೇ ತಾನೇ ಇವಳ ತಟ್ಟೆಯಲ್ಲಿ ಮೊಟ್ಟೆ ಇರುವುದು.

ಅತ್ತೆ ಬಟಾಣಿ ಸುಲಿಯುವ ನೆಪದಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತರು. "ಅಲ್ಲಿ ಗಿಳಿ ಮಾತಾಡೋದಂತೆ, ಮನುಷ್ಯರು ಒಪ್ಪಿಸೋದಂತೆ. ಕಾಲ ಎಲ್ಲಿಗೆ ಬಂತು ನೋಡೇ."

"ನಿಮಗೆ ನಗು ಅತ್ತೆ."

"ನಗದೆ ಇನ್ನೇನು? ಅಮ್ಮ ಅನ್ನಿಸ್ಕೊಂಡೋಳು ನಾನು. ನನಗ್ಯಾವ ಕುರ್ಚಿ ಬೇಕು ಹೇಳು."

ಎರಡನೇ ಭಾನುವಾರ ಚಿಕ್ಕಮ್ಮನೂ ಮಗಳೂ ಹೊರಟರು. ಓರಗಿತ್ತಿಯೇ ಗಿಳಿಯ ತಲೆ ಬಾಚಿದ್ದಳು, ತನ್ನ ನೀಲಿ ಕ್ಲಿಪ್ಪನ್ನು ಅವಳ ಕೂದಲಿಗೆ ಸಿಕ್ಕಿಸಿದ್ದಳು. ಅಕ್ಕ ಮೇಜಿನ ಹಿಂದಿನಿಂದಲೇ ನೋಡಿದಳು. ಇಬ್ಬರದೂ ಒಂದೇ ನಡಿಗೆ. ಎಡಗಾಲು ಎತ್ತಿದರೆ ಎಡಗಾಲು. ಬರುವಾಗ ಒಂದೇ ಪೊಟ್ಟಣದಿಂದ ಹುರಿಗಡಲೆ ತಿನ್ನುತ್ತ ಬಂದರು. ಅಂದು ಊಟದ ಹೊತ್ತಿನಲ್ಲಿ "ಚಿಕ್ಕಮ್ಮ ಹೀಗಂದ್ಲು, ಎಲ್ರೂ ಚಪ್ಪಾಳೆ ತಟ್ಟಿದ್ರು, ಹೆಡ್‌ಮಿಸ್ಸು ಚಿಕ್ಕಮ್ಮನ್ನ ನೋಡಿ ಕಲೀರಿ ಅಂದ್ರು" ಎಂಬ ಮಾತು ಬಿಟ್ಟರೆ ಬೇರೆ ಇಲ್ಲ. ಅಕ್ಕ ತನ್ನ ಅನ್ನಕ್ಕೆ ಬೇಳೆ ಹಾಕಿಕೊಳ್ಳುವುದನ್ನೇ ಮರೆತು ಬರೀ ಅನ್ನ ತಿಂದು ಎದ್ದಳು.

ಮರುದಿನ ಹಾಲಿನವಳು ಮಕ್ಕಳ ಯೂನಿಫಾರಂ ತಂದಳು. "ಅಕ್ಕ, ನಿಮ್ಮನೆಯವರು ಹೋಗ್ತಿದಾರಲ್ಲ ಆ ಮಾತುಕತೆಗೆ. ಮುಂದಿನ ವಾರ ನಾನೂ ಮಗಳನ್ನ ಕರ್ಕೊಂಡು ಹೋಗೋಣ ಅಂತಿದೀನಿ. ಹೇಗಿದೆಯಂತೆ?"

ಅಕ್ಕ ಕಾಲರ್ ತಿರುವಿ ಹಾಕಿದಳು. "ಹೇಗಿರತ್ತೆ? ಮಕ್ಕಳ ಬಾಯಿಂದ ಮನೆ ಗುಟ್ಟು ಬಿಡಿಸ್ತಾರೆ. ಯಾರ ಮನೇಲಿ ಯಾರಿಗೆ ಜಾಗ ಇಲ್ಲ, ಯಾರು ಯಾರಿಗೆ ಬೈತಾರೆ, ಎಲ್ಲ ಮೈಕಲ್ಲಿ. ನಾವು ಅದನ್ನ ಬಾಯಿಪಾಠ ಒಪ್ಪಿಸ್ಬೇಕು."

"ಹೌದಾ?"

"ನಮ್ಮನೇದು ಹೋಯ್ತಲ್ಲ ಆಗ್ಲೇ. ಮೂಲೆ ಇಲ್ಲ ಅಂತ ಊರಿಗೆಲ್ಲ ಸಾರಿ ಬಂದಿದಾಳೆ."

ಪೂರ್ತಿ ಸುಳ್ಳಲ್ಲ, ನಿಜವಂತೂ ಅಲ್ಲವೇ ಅಲ್ಲ. ಹಾಲಿನವಳ ಮುಖ ಇಳಿದದ್ದು ನೋಡಿ ಅಕ್ಕನಿಗೆ ಒಳಗೆ ತಂಪಾಯಿತು. ಕ್ಷೌರದಂಗಡಿಯವನು ಬಂದಾಗ ಅದಕ್ಕೆ ಸ್ವಲ್ಪ ಸೇರಿಸಿದಳು. ಬಡಗಿಯ ಹೆಂಡತಿಗೆ ಇನ್ನೂ ಸ್ವಲ್ಪ. ಇಸ್ತ್ರಿ ಮೇಜಿಗೆ ಬಟ್ಟೆ ಬಾರದ ಮನೆ ಆ ಬೀದಿಯಲ್ಲಿ ಇಲ್ಲ. ಶರ್ಟಿನ ಮಡಿಕೆಯೊಳಗೆ ಸೇರಿ ಅವಳ ಮಾತೂ ಮನೆಮನೆಗೆ ಹೋಯಿತು.

ಮೂರನೇ ಭಾನುವಾರ ಚಿಕ್ಕಮ್ಮ ಮಗಳು ಹೋದಷ್ಟೇ ಬೇಗ ವಾಪಸು ಬಂದರು. ಗಿಳಿ ಚಪ್ಪಲಿ ಬಿಟ್ಟ ಸದ್ದಿಗೇ ಅತ್ತೆ ತಲೆಯೆತ್ತಿದರು.

"ಯಾರೂ ಬರ್ಲಿಲ್ಲ" ಎಂದಳು ಗಿಳಿ. "ನಾವು, ಹೆಡ್‌ಮಿಸ್ಸು, ಮತ್ತೆ ಕಸ ಗುಡಿಸೋ ಅಜ್ಜ. ಮುಂದಿನ ವಾರ ಕೌನ್ಸಿಲರ್ ಬರ್ತಾನಂತೆ. ಹಾಲ್ ಹೀಗೇ ಇದ್ರೆ ಗೋದಾಮು ತರಕಾರಿಯವರಿಗೇ ಅಂತೆ."

"ಹೋಗ್ಲಿ ಬಿಡು" ಎಂದಳು ಅಕ್ಕ. "ಓದಿದೋರೆಲ್ಲ ಏನು ಗುಡ್ಡ ಕಡಿದು ಹಾಕಿದಾರೆ? ನಾಳೆಯಿಂದ ಬಂದು ಮೇಜಿನ ಆ ಕಡೆ ನಿಂತ್ಕೋ. ಮಡಿಕೆ ಹಾಕೋದು ಕಲಿ."

ಗಿಳಿ ನೀಲಿ ಕ್ಲಿಪ್ಪನ್ನು ಕಿತ್ತು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟ ಓರಗಿತ್ತಿ ತನ್ನ ಬಟ್ಟೆ ತೆಗೆದುಕೊಳ್ಳಲು ಅಂಗಡಿಗೆ ಬಂದಳು. ಅವಳ ದನಿ ಎಂದಿನಷ್ಟೇ ಮೆತ್ತಗಿತ್ತು. "ಬೆಳಿಗ್ಗೆ ಹಾಲಿನವಳು ಸಿಕ್ಕಿದ್ಲು. ಯಾಕೆ ಬರ್ಲಿಲ್ಲ ಅಂದ್ರೆ, ನಿಮ್ಮ ಅಂಗಡೀಲಿ ಕೇಳಿದ ಮೇಲೆ ಯಾರು ಬರ್ತಾರೆ ಅಂದ್ಲು."

ಅಕ್ಕ ಬಟ್ಟೆಗೆ ನೀರು ಚಿಮುಕಿಸಿದಳು.

"ಅಕ್ಕ, ನನ್ನ ಮೇಲೆ ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ. ನಮ್ಮ ಬೀದಿ ಮಕ್ಕಳ ಓದಿಗೆ ಯಾಕೆ ಕಲ್ಲು ಹಾಕ್ತೀರಿ?"

"ನಿನ್ನ ಮೇಲೆ ನನಗ್ಯಾಕೆ ಸಿಟ್ಟು? ಒಳ್ಳೇಳಲ್ವಾ ನೀನು. ನನ್ನ ಮಗಳ ತಲೆ ಬಾಚ್ತೀಯ, ಪಕ್ಕದಲ್ಲಿ ಕೂರ್ತೀಯ, ಅವಳ ಮಾತು ಒಪ್ಪಿಸ್ತೀಯ. ಇನ್ನು ಹೆರೋದೊಂದು ಬಾಕಿ."

ಅಂದಮೇಲೆ ಅಕ್ಕನಿಗೇ ನಾಲಿಗೆ ಸುಟ್ಟಂತಾಯಿತು. ಬಾಯಿಂದ ಬಿದ್ದ ಮಾತು ಬಟ್ಟೆಯ ಮೇಲಿನ ಸುಕ್ಕಲ್ಲ.

ಓರಗಿತ್ತಿ "ಅದೊಂದು ಬಾಕಿ ಅಂತ ನನಗೂ ಗೊತ್ತು ಅಕ್ಕ" ಎಂದು, ಇನ್ನೂ ಇಸ್ತ್ರಿಯಾಗದ ತನ್ನ ಬಟ್ಟೆಗಳನ್ನು ಗಂಟಿನಿಂದ ಆರಿಸಿಕೊಂಡು ಹೋದಳು.

ಆ ವಾರವೆಲ್ಲ ಅವಳು ಸುಕ್ಕು ಬಟ್ಟೆಯಲ್ಲೇ ಕೆಲಸಕ್ಕೆ ಹೋದಳು. ಮನೆಯಲ್ಲಿ ತರಕಾರಿ ಹೆಚ್ಚಿದಳು, ನೆಲ ಒರೆಸಿದಳು, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದಳು, ಅಕ್ಕ ಕೇಳಿದ್ದಕ್ಕೆ ಹೂಂ ಎಂದಳು. ಆದರೆ ಇಸ್ತ್ರಿ ಅಂಗಡಿಯ ಬಾಗಿಲಿನಿಂದಲೇ ಮುದ್ದೆಯಾದ ತೋಳು, ಗೆರೆಗೆರೆಯಾದ ಬೆನ್ನು ಹೊತ್ತು ಬೀದಿಗಿಳಿದಳು. ಅಕ್ಕನಿಗೆ ಬೈದಿದ್ದರೆ ವಾಸಿಯಿತ್ತು.

"ಇವತ್ತು ನಿನ್ನ ಓರಗಿತ್ತಿ ನಮ್ಮ ಬಸ್ಸಿಗೇ ಹತ್ತಿದ್ಲು" ಎಂದ ಕಂಡಕ್ಟರ್, ಚಹಾ ಕುಡಿಯುತ್ತ. "ಡ್ರೈವರ್ ಕೇಳಿದ, ನಿಮ್ಮನೇಲಿ ಕರೆಂಟ್ ಹೋಗಿದ್ಯಾ ಅಂತ."

"ನೀವೇನಂದ್ರಿ?"

"ಕರೆಂಟ್ ಇದೆ, ಜಾಸ್ತಿ ಆಗಿದೆ ಅಂದೆ."

ಹೆಡ್‌ಮಿಸ್ಸು ಬಂದದ್ದು ಆ ವಾರದ ಮಧ್ಯೆ. ಬಟ್ಟೆ ತಾವೇ ಒಗೆದು ತಾವೇ ಇಸ್ತ್ರಿ ಹಾಕಿಕೊಳ್ಳುವ ಹೆಂಗಸು, ಅಂಗಡಿಗೆ ಎಂದೂ ಬಂದವರಲ್ಲ. ಜನ ಯಾಕೆ ಬರುತ್ತಿಲ್ಲ ಎಂದು ಮನೆಮನೆ ಕೇಳುತ್ತ ಹೊರಟಿದ್ದರು. ಕೊಡೆಯನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತರು.

"ಗಿಳಿಯ ತಾಯಿ ನೀವೇ ಅಲ್ವಾ? ನಿಮ್ಮ ದೊಡ್ಡ ಮಗಳು ಎಲ್ಲಿದಾಳೆ? ಈ ಸಲ ಅವಳನ್ನೂ ಕಳಿಸಿ. ಬೇಡ ಅಂದಿದ್ದು ನನ್ನದೇ ತಪ್ಪು."

"ಯಾವ ದೊಡ್ಡ ಮಗಳು? ನನಗಿರೋಳು ಒಬ್ಳೇ."

"ಅಲ್ಲಮ್ಮ, ಮೊದಲನೇ ದಿನ ಪಕ್ಕದಲ್ಲಿ ಯಾರು ಕೂರಬೇಕು ಅಂತ ಒಬ್ಬೊಬ್ಬರನ್ನೇ ಕೇಳಿದೆ. ಇವಳು ಹಿಂದೆ ಮುಂದೆ ನೋಡದೆ ಅಕ್ಕ ಅಂದಳು. ಅಕ್ಕ ತಂಗಿಯರೆಲ್ಲ ಆಗಲ್ಲಮ್ಮ, ಮನೆಯ ದೊಡ್ಡವರು ಬೇಕು ಅಂದೆ. ಹುಡುಗರು ನಕ್ಕರು. ಇವಳ ಮುಖ ಕೆಂಪಗಾಯ್ತು. ಆಮೇಲೆ ತುಂಬ ಸಣ್ಣ ದನಿಯಲ್ಲಿ, ಹಾಗಾದ್ರೆ ಚಿಕ್ಕಮ್ಮ ಅಂದಳು."

ಅಕ್ಕ ಅವರ ಮುಖವನ್ನೇ ನೋಡುತ್ತ ನಿಂತಳು. ಮೂಗಿಗೆ ವಾಸನೆ ಬಡಿದಾಗಲೇ ಕೈಯ ನೆನಪಾದದ್ದು. ಇಸ್ತ್ರಿಪೆಟ್ಟಿಗೆ ಎತ್ತಿದಳು. ಬಿಳೀ ಶರ್ಟಿನ ಹಿಂದಿನ ಅಂಚಿನಲ್ಲಿ ಅದರ ಮೊನೆಯ ಕಂದು ಗುರುತು ಎದ್ದಿತ್ತು. ಶರ್ಟು ಕೌನ್ಸಿಲರನದು.

"ಅಯ್ಯೋ, ಸುಟ್ಟುಹೋಯ್ತಲ್ಲ" ಎಂದರು ಹೆಡ್‌ಮಿಸ್ಸು.

"ಪ್ಯಾಂಟಿನೊಳಗೆ ಸಿಕ್ಕಿಸಿದ್ರೆ ಕಾಣಲ್ಲ ಬಿಡಿ" ಎಂದಳು ಅಕ್ಕ.

ಅವರು ಹೋದ ಮೇಲೆ ಪ್ಲಗ್ ಕಿತ್ತು ಅಡಿಗೆಮನೆಗೆ ಬಂದಳು. ಗಿಳಿ ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದಳು.

"ಮೊದಲನೇ ದಿನ ಯಾರ ಹೆಸರು ಹೇಳಿದೆ?"

"ಈಗ್ಯಾಕೆ ಅದು?"

"ಹೇಳೇ."

"ನಿಂದೇ. ಎಲ್ರೂ ನಕ್ರು. ಅಕ್ಕ ಅಂದ್ರೆ ನಮ್ಮಮ್ಮ ಅಂತ ಬಿಡಿಸಿ ಹೇಳೋಕೆ ನಾಚಿಕೆ ಆಯ್ತು. ಇಷ್ಟು ದೊಡ್ಡೋಳಾಗಿ ಹೆತ್ತೋಳನ್ನ ಅಕ್ಕ ಅಂತೀನಿ ಅಂದ್ರೆ ಇನ್ನೂ ನಗ್ತಿದ್ರು."

"ಮನೇಗೆ ಬಂದು ನನಗೆ ಹೇಳ್ಬಾರ್ದಿತ್ತಾ?"

"ಬಾಯಿ ತೆಗೆದೆ. ಅಷ್ಟೊತ್ತಿಗೆ ನೀನು ಉತ್ತರ ಕೊಟ್ಟು ಮುಗಿಸಿದ್ದೆ."

ಅಕ್ಕ ಒಂದು ಆಲೂಗಡ್ಡೆ ಎತ್ತಿಕೊಂಡು, ಮತ್ತೆ ಬುಟ್ಟಿಗೆ ಹಾಕಿದಳು. "ನಿನ್ನ ಚಿಕ್ಕಮ್ಮನಿಗೆ ಗೊತ್ತಿತ್ತಾ ಇದು?"

"ಆವತ್ತೇ ಕೈ ತೊಳೆಯೋಕೆ ಹೋದಾಗ ಅಡಿಗೆಮನೇಲಿ ಸಿಕ್ಕಿದ್ಲು, ಹೇಳಿದೆ. ಅದಕ್ಕೇ ಅಲ್ವಾ ಊಟಕ್ಕೆ ಕೂತಾಗ ನೀವೇ ಹೋಗಿ ಅಂದಿದ್ದು. ನೀನು ದಾನ ಬೇಡ ಅಂದೆ."

ಮಗಳು ತನ್ನ ಹೆಸರೇ ಹೇಳಿದ್ದಳೆಂದು ಎದೆ ಹಿಗ್ಗಬೇಕಾದ ಹೊತ್ತಿನಲ್ಲೂ ಅಕ್ಕನಿಗೆ ಚುಚ್ಚಿದ್ದು ಇದೇ. ಅದು ಕೂಡ ಓರಗಿತ್ತಿಗೇ ಮೊದಲು ಗೊತ್ತಾಯಿತು. ಆದರೆ ಗೊತ್ತಿದ್ದೂ ಅವಳು ಅದನ್ನು ಅಕ್ಕನ ಹಾಗೆ ಬೀದಿಯಲ್ಲಿ ಹರಡಿರಲಿಲ್ಲ.

"ಈ ಭಾನುವಾರ ನಾನು ಬರ್ತೀನಿ" ಎಂದಳು.

"ಬಂದು? ಖಾಲಿ ಕುರ್ಚಿಗಳಿಗೆ ಹೇಳೋಣ್ವಾ?"

ಶನಿವಾರ ಬಟ್ಟೆ ಕೇಳಿ ಬಂದವರಿಗೆಲ್ಲ ಅಕ್ಕ ಒಂದೇ ಮಾತು ಹೇಳಿದಳು. "ನಾಳೆ ಸಂಜೆ. ಅಂಗಡಿ ಬಾಗಿಲು ಹಾಕಿರತ್ತೆ, ಶಾಲೆ ಹಾಲ್‌ಗೆ ಬನ್ನಿ. ಎಲ್ಲರದೂ ಅಲ್ಲೇ ಕೊಡ್ತೀನಿ."

"ಸೋಮವಾರ ಬೆಳಿಗ್ಗೆ ಯೂನಿಫಾರಂ ಬೇಕು ಅಕ್ಕ" ಎಂದಳು ಹಾಲಿನವಳು.

"ಅದಕ್ಕೇ ಭಾನುವಾರ ಬಾ ಅಂದಿದ್ದು."

ಕ್ಷೌರದಂಗಡಿಯವನು ಕೂಗಾಡಿದ. ಅಕ್ಕ ಅವನಿಗಿಂತ ಜೋರಾಗಿ ಕೂಗಾಡಿದಳು. ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಹಗ್ಗದ ಮೇಲಿನ ಓರಗಿತ್ತಿಯ ಬಟ್ಟೆಯನ್ನು ಕೇಳದೆಯೇ ಎಳೆದು ತಂದು ಇಸ್ತ್ರಿ ಹಾಕಿದಳು. ತೋಳು, ಬೆನ್ನು, ಗುಂಡಿಯ ಸುತ್ತ, ಎಲ್ಲ. ಒಯ್ದು ಅವಳ ಮಂಚದ ಮೇಲಿಟ್ಟಳು.

"ಹಾಕ್ಕೊಂಡು ಬಾ. ಸುಕ್ಕು ಬಟ್ಟೇಲಿ ಬಂದ್ರೆ ನನ್ನ ಅಂಗಡಿ ಮರ್ಯಾದೆ ಏನಾಗ್ಬೇಕು?"

"ನಾನ್ಯಾಕೆ ಅಕ್ಕ? ಪಕ್ಕದ ಕುರ್ಚಿ ಒಂದೇ."

"ಹಿಂದಿನ ಸಾಲಲ್ಲಿ ಬೇಕಾದಷ್ಟಿದಾವೆ." ಅಕ್ಕ ಬಾಗಿಲವರೆಗೆ ಹೋಗಿ ನಿಂತಳು. "ಆವತ್ತು ನಾನು ಅಂದಿದ್ದು..."

"ಅಂದಿದ್ದು ಅಂದ್ರಿ. ಅದನ್ನ ಮಾತ್ರ ತಿರುಗಿ ಹೇಳೋದು ಬೇಡ."

ಬಟ್ಟೆಯ ಗಂಟುಗಳನ್ನು ತಳ್ಳುಗಾಡಿಗೆ ಹೇರಿ ಕಂಡಕ್ಟರೇ ತಳ್ಳಿದ. "ಮುಂದೆ ಹೋಗಿ, ಮುಂದೆ ಹೋಗಿ, ಹಾಲ್ ಖಾಲಿ ಇದೆ" ಎಂದು ದಾರಿಯುದ್ದಕ್ಕೂ ಕೂಗಿದ. ಹಾಲ್‌ನ ಮೊದಲ ಬೆಂಚಿನ ಮೇಲೆ ಬೀದಿಯ ಅಷ್ಟೂ ಮನೆಗಳ ಬಟ್ಟೆ ಗೋಪುರದಂತೆ ನಿಂತಿತು. ಜನ ಬಂದರು. ಗೊಣಗುತ್ತ ಬಂದರು, ಮಕ್ಕಳನ್ನು ಎಳೆದುಕೊಂಡು ಬಂದರು, ಒಬ್ಬಿಬ್ಬರು ಬೈಯುತ್ತಲೇ ಬಂದರು. ಅಕ್ಕ ಗೋಪುರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಮಾತುಕತೆ ಮುಗಿದ ಮೇಲೆ ಗಂಟು. ಕೂತ್ಕೊಳ್ಳಿ."

"ಮನೆ ಗುಟ್ಟು ಬಿಡಿಸ್ತಾರೆ ಅಂದಿದ್ದು ನೀವೇ ಅಲ್ವಾ?" ಎಂದಳು ಹಾಲಿನವಳು, ಎಲ್ಲರಿಗೂ ಕೇಳುವಂತೆ.

"ಅಂದೆ. ಇವತ್ತು ನಮ್ಮನೇದೇ ಮೊದಲು ಬಿಡಿಸ್ತೀನಿ. ಕೇಳ್ಕೊಂಡು ಹೋಗು."

ಆ ಮಾತಿಗೆ ಜನ ಥಟ್ಟನೆ ಕೂತರು. ಬೇರೆಯವರ ಮನೆ ಗುಟ್ಟೆಂದರೆ ಯಾರು ಬಿಡುತ್ತಾರೆ? ಕೌನ್ಸಿಲರ್ ಬಂದಾಗ ಕುರ್ಚಿ ಸಾಲದೆ ಕೆಲವರು ಕಿಟಕಿಯಲ್ಲಿ ಕೂತಿದ್ದರು. ಅವನು ಹಾಕಿದ್ದು ಮಾಸಿದ ಶರ್ಟು. ತನ್ನ ಬಿಳಿಯದು ಗೋಪುರದಲ್ಲಿರುವುದನ್ನು ಅವನು ಬಂದ ಕೂಡಲೇ ಗುರುತಿಸಿದ.

ಗಿಳಿ ಎದ್ದು ನಿಂತಳು. ಪಕ್ಕದ ಕುರ್ಚಿಯಲ್ಲಿ ಅಕ್ಕ. "ಇವಳು ನಮ್ಮ ಅಕ್ಕ" ಎಂದಳು ಗಿಳಿ. "ಅಕ್ಕ ಅಂದ್ರೆ ನನ್ನ ಹೆತ್ತೋಳು." ಹುಡುಗರ ಕಡೆಯಿಂದ ಒಂದು ನಗು ಬಂತು. ಅದು ಮುಗಿಯುವವರೆಗೂ ಗಿಳಿ ಕಾದಳು.

"ನಮ್ಮ ಅಕ್ಕ ನನ್ನ ಓದು ಬೇಡ ಅಂದಿಲ್ಲ. ಓದು ಅಂತಾನೂ ಅಂದಿಲ್ಲ. ನೀನು ಏನಾಗ್ಬೇಕು ಅಂತ ಒಂದು ದಿನಾನೂ ಕೇಳಿಲ್ಲ. ಚಿಕ್ಕಮ್ಮ ಕೇಳಿದ್ಲು."

ಅಕ್ಕ ಎದ್ದಳು.

"ಅವಳ ಓದು ನಾನೇನು ಬೇಡ ಅಂದಿಲ್ಲ..."

"ಅವಳು ಹೇಳಿದ ಹಾಗೇ ಹೇಳಿ" ಎಂದರು ಹೆಡ್‌ಮಿಸ್ಸು.

ಅಕ್ಕ ಮೊದಲಿನಿಂದ ಶುರು ಮಾಡಿದಳು. "ನಮ್ಮ ಅಕ್ಕ ನನ್ನ ಓದು ಬೇಡ ಅಂದಿಲ್ಲ. ಓದು ಅಂತಾನೂ ಅಂದಿಲ್ಲ. ನೀನು ಏನಾಗ್ಬೇಕು ಅಂತ ಒಂದು ದಿನಾನೂ ಕೇಳಿಲ್ಲ."

ಅಲ್ಲಿಗೆ ನಿಂತಳು. ಗಾಡಿ ಕಲ್ಲಿಗೆ ಸಿಕ್ಕಂತಾಯಿತು.

"ಇನ್ನೊಂದು ಮಾತಿದೆ" ಎಂದರು ಹೆಡ್‌ಮಿಸ್ಸು.

"ಗೊತ್ತು."

ಹಾಲಿನವಳು ಕತ್ತು ಮುಂದೆ ಚಾಚಿದ್ದಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಮಡಿಕೆ ಮುರಿಯದ ಬಟ್ಟೆಯಲ್ಲಿ ಕೂತವಳ ಕಡೆ ಅಕ್ಕ ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ.

"ಚಿಕ್ಕಮ್ಮ ಕೇಳಿದ್ಲು" ಎಂದಳು.

"ಈಗ ನಿಮ್ಮ ಉತ್ತರ ಹೇಳಬಹುದು."

ಉತ್ತರಗಳಿಗೇನು ಬರವೇ? ನಿಂತು ನಿಂತು ಊದಿದ ಕಾಲು, ಬೆಂದ ಬೆರಳು, ಕೇಳುವುದಕ್ಕೆ ಪುರುಸೊತ್ತು ಎಲ್ಲಿತ್ತು ಎಂಬ ಮಾತು, ಎಲ್ಲ ವಾರದಿಂದ ಸಾಲಾಗಿ ನಾಲಿಗೆಯ ತುದಿಯಲ್ಲಿದ್ದವು. ಮಗಳ ಮಾತನ್ನು ತನ್ನ ಬಾಯಿಂದಲೇ ಒಪ್ಪಿಸಿದ ಮೇಲೆ ಒಂದೂ ನಿಲ್ಲಲಿಲ್ಲ.

"ಉತ್ತರ ಇಲ್ಲ" ಎಂದು ಗಿಳಿಯ ಕಡೆ ತಿರುಗಿದಳು. "ಏನಾಗ್ಬೇಕೇ ನೀನು?"

"ಗೊತ್ತಿಲ್ಲ" ಎಂದಳು ಗಿಳಿ. "ಇನ್ನೆರಡು ವರ್ಷ ಓದಿದ್ರೆ ಗೊತ್ತಾಗತ್ತೆ."

ಇಡೀ ಹಾಲ್ ನಕ್ಕಿತು. ನಗು ಇನ್ನೂ ಇಳಿದಿರಲಿಲ್ಲ, ಹಾಲಿನವಳ ಮಗಳು ಎದ್ದು ನಿಂತಿದ್ದಳು. ಹಾಲಿನವಳು ಸುತ್ತ ನೋಡಿ, ಬೇರೆ ದಾರಿಯಿಲ್ಲದೆ ಪಕ್ಕದ ಕುರ್ಚಿಗೆ ನಡೆದಳು. ಅವಳ ಹಿಂದೆ ಬಡಗಿಯ ಮಗ. ಆಮೇಲೆ ಯಾರೂ ಗಂಟಿನ ಕಡೆ ನೋಡಲಿಲ್ಲ.

ಎಲ್ಲ ಮುಗಿದು ಬಟ್ಟೆ ಹಂಚುವಾಗ ಕೌನ್ಸಿಲರ್ ಕೈಚಾಚಿದ. "ನನ್ನ ಶರ್ಟು?"

"ಗೋದಾಮಿನ ಬೀಗದ ಕೈ?" ಎಂದಳು ಅಕ್ಕ.

ಅವನು ಜನರನ್ನು ನೋಡಿದ, ಜನ ಅವನನ್ನು ನೋಡಿದರು. "ಮಾರ್ಕೆಟ್‌ನವರಿಗೆ ಸದ್ಯಕ್ಕೆ ಬೇಡ ಅಂತ ಹೇಳ್ತೀನಿ. ಉಳಿದದ್ದು ಆಫೀಸಲ್ಲಿ ಕೂತು ಮಾತಾಡೋಣ."

"ಮಾತಾಡೋಣ. ನಮ್ಮ ಮಾತನ್ನ ಮೊದಲು ನೀವು ತಿರುಗಿ ಹೇಳ್ಬೇಕು, ಆಮೇಲೆ ಉತ್ತರ. ನಿಯಮ ಕೇಳಿದ್ರಲ್ಲ" ಎಂದು ಶರ್ಟು ಕೊಟ್ಟಳು. "ಒಳಗೆ ಸಿಕ್ಕಿಸಿ ಹಾಕ್ಕೊಳ್ಳಿ, ಹಾಗೇ ಚೆನ್ನಾಗಿರತ್ತೆ."

ಮನೆಗೆ ಬಂದಾಗ ದೀಪ ಹಾಕುವ ಹೊತ್ತು. ಕೌನ್ಸಿಲರನ ಶರ್ಟಿನ ಜೊತೆಗೆ ಬಂದಿದ್ದ ಪ್ಯಾಂಟು ಮೇಜಿನ ಮೇಲೇ ಉಳಿದುಹೋಗಿತ್ತು. ಅಕ್ಕ ಪ್ಲಗ್ ಹಾಕಿ ನಿಂತಳು. ಒಳಗೆ ಓರಗಿತ್ತಿ ಆಲೂಗಡ್ಡೆ ಹುರಿಯುತ್ತಿದ್ದಳು. ಗೋಡೆಯಾಚೆಯಿಂದ ಗಿಳಿಯ ದನಿ ಕೇಳಿತು. "ಚಿಕ್ಕಮ್ಮ, ನಾನು ಹೇಗೆ ಮಾತಾಡ್ದೆ ಹೇಳು."

ಅಕ್ಕನ ಕೈ ನಿಂತಿತು. ಪಕ್ಕದಲ್ಲಿ ಕೂತವಳು ನಾನು, ಕೇಳುವುದು ಅವಳನ್ನು. ಹೊಟ್ಟೆಯೊಳಗಿನ ಕಿಚ್ಚು ಅಷ್ಟು ಸುಲಭಕ್ಕೆ ಆರುವುದಿಲ್ಲ, ಪ್ಲಗ್ ಕಿತ್ತ ಮೇಲೂ ಇಸ್ತ್ರಿಪೆಟ್ಟಿಗೆ ಬಹಳ ಹೊತ್ತು ಬಿಸಿಯಾಗಿರುತ್ತದೆ.

"ನನ್ನನ್ಯಾಕೆ ಕೇಳ್ತೀಯ?" ಎಂದಿತು ಓರಗಿತ್ತಿಯ ದನಿ. ಆಮೇಲೆ ಏನೋ ಪಿಸುಮಾತು. ಆಮೇಲೆ ಒಳಗಿನಿಂದ ಒಟ್ಟಿಗೇ ಕೂಗು. "ಅಕ್ಕ!"

"ಯಾವಳೇ ಅದು ಕರೆದಿದ್ದು?"

"ಇಬ್ರೂ" ಎಂದಳು ಗಿಳಿ. "ಬಾ, ಉಪ್ಪು ನೋಡು."

ಅಕ್ಕನಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಪ್ಯಾಂಟಿನ ಗೆರೆಯನ್ನು ಕೊನೆಯವರೆಗೆ ಒತ್ತುತ್ತ, "ಕೇಳಿಸ್ಲಿಲ್ಲ. ಇನ್ನೊಂದ್ಸಲ ಕರೀರಿ" ಎಂದಳು.

ಕರೆದರು. ಈ ಸಲ ಮಗಳ ದನಿ ಒಂದು ಕೂದಲೆಳೆಯಷ್ಟು ಮುಂದಿತ್ತು. ಅಕ್ಕ ಪ್ಲಗ್ ಕಿತ್ತು ಒಳಗೆ ಹೋದಳು.